ಒತ್ತಿದಲ್ಲಿ ಬೆಳಕು

ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲಿ ಸುಜ್ಲಾನ್ ಕಾರ್ಖಾನೆ ಬಂದ ಮೇಲೆ ನಂದಿಕೂರು ಕಡೆಯವರಿಗೆ ಗಾಳಿಯಂತ್ರದ ರೆಕ್ಕೆ ಅಪರೂಪದ ವಸ್ತುವಾಗಿ ಉಳಿದಿಲ್ಲ. ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಈ ರೆಕ್ಕೆ ಗಾಳಿಯ ಹೊಡೆತಕ್ಕೆ ವರ್ಷಗಟ್ಟಲೆ ಬಾಗುತ್ತ, ಮತ್ತೆ ನೆಟ್ಟಗಾಗುತ್ತ ಇರಬೇಕು. ಬಿರುಕು ಬಿಡುವ ಮೊದಲೇ ಒತ್ತಡ ಎಲ್ಲಿ ಹೆಚ್ಚುತ್ತಿದೆ ಎಂದು ತಿಳಿಯುವುದು ಹೇಗೆ? ಮೈಮೇಲೆ ಅಂಟಿಸುವ ಸ್ಟ್ರೈನ್ ಗೇಜು ತಾನು ಕೂತ ಜಾಗದ ಸುದ್ದಿಯನ್ನಷ್ಟೇ ಹೇಳುತ್ತದೆ. ಬಳಿದ ಬಣ್ಣವೇ ಒತ್ತಡ ಬಿದ್ದಲ್ಲೆಲ್ಲ ಬೆಳಗುವಂತಿದ್ದರೆ? ಅಂಥ ಘನವಸ್ತುಗಳಿವೆ.

ಉಜ್ಜಿದರೆ, ಮುರಿದರೆ ಬೆಳಕು ಬರುವುದು ಹಳೆಯ ಸಂಗತಿ. ಎರಡು ಬಿಳಿ ಬೆಣಚುಕಲ್ಲುಗಳನ್ನು ಕತ್ತಲಲ್ಲಿ ಬಲವಾಗಿ ಉಜ್ಜಿದರೆ ಕಲ್ಲಿನೊಳಗೇ ಹಳದಿ ಬೆಳಕು ಸುಳಿಯುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ನೀರೊಳಗೆ ಹಿಡಿದು ಉಜ್ಜಿದರೂ ಬೆಳಕು ಕಾಣುತ್ತದೆ. ಗಟ್ಟಿ ಸಕ್ಕರೆಯನ್ನು ಕೆರೆದಾಗ ಹೊಳೆಯುವುದನ್ನು ಫ್ರಾನ್ಸಿಸ್ ಬೇಕನ್ 1620ರಲ್ಲೇ ಬರೆದಿಟ್ಟಿದ್ದ. ಸಕ್ಕರೆಯ ಹರಳು ಸೀಳಿದಾಗ ಎರಡು ಮುಖಗಳಲ್ಲಿ ವಿರುದ್ಧ ವಿದ್ಯುದಂಶ ಕೂಡಿಕೊಂಡು, ನಡುವಿನ ಗಾಳಿಯ ನೈಟ್ರೋಜನ್ ಮಿಂಚುತ್ತದೆ. ನಿರ್ವಾತದಲ್ಲಿ ಅಂಟುಟೇಪನ್ನು ಕಿತ್ತರೆ ಎಕ್ಸ್-ರೇ ಕೂಡ ಹೊಮ್ಮುತ್ತದೆಂದು 2008ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ತೋರಿಸಿದರು.

ಆದರೆ ಮುರಿದು ಬೆಳಗುವುದರಿಂದ ಎಂಜಿನಿಯರಿಗೆ ಉಪಯೋಗವಿಲ್ಲ, ಮುರಿಯದೆ ಬೆಳಗಬೇಕು. 1999ರಲ್ಲಿ ಜಪಾನಿನಲ್ಲಿ ಚಾವೊ-ನಾನ್ ಷೂ ತಂಡ ಪ್ರಕಟಿಸಿದ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಇಂಥದ್ದು. ಕತ್ತಲಲ್ಲಿ ಹಸಿರಾಗಿ ಕಾಣುವ 'ನಿರ್ಗಮನ' ಫಲಕಗಳಲ್ಲಿ ಇರುವುದೂ ಇದೇ ಜಾತಿಯ ಪುಡಿ. ಅದರೊಳಗೆ ಚೂರು ಯುರೋಪಿಯಂ ಬೆರೆಸಿರುತ್ತಾರೆ. ಬೆಳಕಿಗೆ ಇಟ್ಟಾಗ ಎಲೆಕ್ಟ್ರಾನುಗಳು ಹರಳಿನ ದೋಷಗಳಲ್ಲಿ ಸಿಕ್ಕಿಬೀಳುತ್ತವೆ. ಹರಳನ್ನು ಸ್ವಲ್ಪ ಹಿಂಡಿದರೆ ಸಾಕು, ಅವು ಬಿಡಿಸಿಕೊಂಡು ಬಂದು ಯುರೋಪಿಯಂನಿಂದ ಹಸಿರು ಬೆಳಕು ಹೊರಡಿಸುತ್ತವೆ. ಒತ್ತಡ ಹೆಚ್ಚಿದಷ್ಟೂ ಬೆಳಕು ಹೆಚ್ಚು. ಸಂಗ್ರಹ ಮುಗಿದರೆ ಮತ್ತೆ ಬೆಳಕಿಗೆ ಒಡ್ಡಬೇಕು.

ಯುರೋಪಿಯಂನಂಥ ಅಪರೂಪದ ಲೋಹವಿಲ್ಲದ ಕೆಲವು ಸಾವಯವ ಹರಳುಗಳೂ ಅರೆದಾಗ ಬೆಳಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ತಿಲಗರ್ ತಂಡ ಬೋರಾನ್ ಸೇರಿಸಿದ ಅಂಥ ಅಣುಗಳನ್ನು ತಯಾರಿಸಿದೆ. ಅಲ್ಲಿ ಅಣುಗಳು ಹರಳಿನಲ್ಲಿ ಜೋಡಿಸಿಕೊಂಡ ರೀತಿಯೇ ಮುಖ್ಯ: ಅದೇ ಅಣು, ಬೇರೆ ಜೋಡಣೆ ಎಂದರೆ ಬೇರೆ ಬೆಳಕು.

ಹಾಗಾದರೆ ರೆಕ್ಕೆಗೆ ಇಂದೇ ಬಳಿಯಬಾರದೇಕೆ? ಬೆಳಕು ಮಂದ, ಹಗಲಲ್ಲಿ ಕಾಣದು. ಜೊತೆಗೆ ಸ್ಟ್ರಾನ್ಷಿಯಂ ಅಲ್ಯುಮಿನೇಟಿಗೆ ನೀರು ಆಗಿಬರುವುದಿಲ್ಲ; ತೇವ ತಾಗಿದರೆ ಹರಳು ವಿಘಟನೆಯಾಗುತ್ತದೆ. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಸುರಿಯುವ ಉಡುಪಿಯಂಥ ಕರಾವಳಿಯಲ್ಲಿ ಕಣಕಣಕ್ಕೂ ನೀರು ತಡೆಯುವ ಪೊರೆ ಹೊದಿಸಲೇಬೇಕು. ಅದಾಗುವವರೆಗೆ ಈ ಬಣ್ಣಕ್ಕೆ ತಕ್ಕ ಜಾಗ ಬಯಲಲ್ಲ, ಪರೀಕ್ಷಾ ಶೆಡ್ಡು. ಅಲ್ಲಿ ದೀಪ ಆರಿಸಿ, ಮಾದರಿಯನ್ನು ಬೇಕೆಂದೇ ಬಗ್ಗಿಸಿ, ಕ್ಯಾಮೆರಾದಲ್ಲಿ ಒತ್ತಡದ ನಕ್ಷೆ ತೆಗೆಯಬಹುದು. ವಿನ್ಯಾಸದ ತಪ್ಪನ್ನು ಅಲ್ಲೇ ತಿದ್ದಿದರೆ, ಕಂಬದ ಮೇಲೇರಿ ಬಿರುಕು ಹುಡುಕುವ ಕೆಲಸ ಅಷ್ಟರಮಟ್ಟಿಗೆ ಕಡಿಮೆ.