ಮೈ ನವಿರೇಳಿಸುವ ಆಟ, ಮನೆಮಂದಿಯ ನೋಟ

ಹಂಪಿಯ ಸೀಮೆಯಲ್ಲಿ ಸಾಹಸಕ್ಕೂ ವಿಹಾರಕ್ಕೂ ಒಂದೇ ಅಂಗಳ

ರಜೆ ಬಂತೆಂದರೆ ಪಟ್ಟಣದ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಈ ಸಲ ಎಲ್ಲಿಗೆ? ಪ್ರಶ್ನೆ ಒಂದಾದರೂ ಉತ್ತರ ಒಂದಾಗುವುದು ಅಪೂರ್ವ. ಕಾಲೇಜು ಓದುವ ಮಗನಿಗೆ ಬಂಡೆ ಹತ್ತುವ ಹಂಬಲ, ಹೊಳೆಗೆ ಇಳಿಯುವ ಆತುರ. ಚಿಕ್ಕ ಮಗಳಿಗೆ ಹುಲಿ ಕರಡಿಗಳನ್ನು ಕಾಣುವ ಆಸೆ. ಅಜ್ಜಿಗೆ ವಿರೂಪಾಕ್ಷನ ದರ್ಶನವಾಗಬೇಕು. ಆದರೆ ಮಂಡಿ ನೋಯಬಾರದು. ಮನೆಯೊಡತಿಗೆ ಒಂದು ದಿನವಾದರೂ ಎಲ್ಲರೂ ಕಣ್ಣೆದುರಿಗಿದ್ದು ತಾನೂ ನಿಶ್ಚಿಂತೆಯಿಂದ ಕುಳಿತು ನಾಲ್ಕು ನೋಟ ನೋಡುವಂತಾದರೆ ಸಾಕು. ಇವೆಲ್ಲಕ್ಕೂ ಹಣ ತೆರುವ ಯಜಮಾನನ ಬಯಕೆ ಇನ್ನೂ ಸರಳ: ಹೋದವರೆಲ್ಲರೂ ಸುಖವಾಗಿ ಮನೆ ಸೇರಬೇಕು.

ಒಂದೇ ಮನೆಯ ಐವರ ಮನಸ್ಸನ್ನು ಒಂದೇ ದಿನದಲ್ಲಿ ತಣಿಸುವುದು ಹೇಗೆ? ಜಗತ್ತಿನಲ್ಲಿ ವಿನೋದವನಗಳನ್ನು ಕಟ್ಟುವವರೆಲ್ಲರ ತಲೆಯನ್ನು ತಿನ್ನುವ ಪ್ರಶ್ನೆ ಇದೇ. ಎದೆ ನಡುಗಿಸುವ ಯಂತ್ರಗಳೇ ತುಂಬಿದರೆ ಮಕ್ಕಳೂ ಮುದುಕರೂ ಹೊರಗುಳಿಯುತ್ತಾರೆ. ಸೌಮ್ಯವಾದ ನೋಟಗಳೇ ತುಂಬಿದರೆ ತರುಣರು ಆಕಳಿಸುತ್ತಾರೆ. ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿ ನಿಲ್ಲಬೇಕು.

ಬೆಂಚಿನ ಮೇಲೆ ಕುಳಿತ ತಂದೆ

ಅಮೆರಿಕದ ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸ್ ನಗರದ ಉದ್ಯಾನವೊಂದಕ್ಕೆ ಕರೆದೊಯ್ಯುತ್ತಿದ್ದನಂತೆ. ಮಕ್ಕಳು ತಿರುಗುವ ಮರದ ಕುದುರೆಗಳ ಮೇಲೆ ಕುಳಿತು ನಲಿಯುತ್ತಿದ್ದರೆ ತಂದೆ ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತ ಕಾಲ ಕಳೆಯಬೇಕಾಗಿತ್ತು. ಹೆತ್ತವರೂ ಮಕ್ಕಳೂ ಕೂಡಿ ಆಡುವ ತಾಣವೊಂದು ಏಕಿರಬಾರದೆಂಬ ಆಲೋಚನೆ ಅಲ್ಲಿ ಮೊಳೆಯಿತೆಂದು ಅವನೇ ಹೇಳಿಕೊಂಡಿದ್ದಾನೆ. 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್ ಆ ಆಲೋಚನೆಯ ಫಲ. ಮೊದಲ ದಿನದಿಂದಲೂ ಅಲ್ಲಿದ್ದ ಆಟಗಳಲ್ಲಿ ದೊಡ್ಡ ಚಹದ ಬಟ್ಟಲುಗಳಲ್ಲಿ ಕುಳಿತು ತಿರುಗುವ ಆಟವೂ ಒಂದು. ಬಟ್ಟಲಿನ ನಡುವೆ ಒಂದು ಚಕ್ರ. ಕುಳಿತವರು ಅದನ್ನು ಎಷ್ಟು ತಿರುವುತ್ತಾರೋ ಬಟ್ಟಲು ಅಷ್ಟು ವೇಗವಾಗಿ ಸುತ್ತುತ್ತದೆ. ಮಂಜಿನ ಬೆಟ್ಟದ ಇಳಿಜಾರಿನಲ್ಲಿ ಜಾರಿದಂತೆ ಭಾಸವಾಗುವ ಉಕ್ಕಿನ ಹಳಿಯ ಬಂಡಿ ಅಲ್ಲಿಗೆ ಬಂದದ್ದು 1959ರಲ್ಲಿ. ಮನೆಮಂದಿಯ ಆಟ ಮೊದಲು, ಎದೆಗಾರರ ಆಟ ಆಮೇಲೆ. ಆದರೆ ಎರಡೂ ಒಂದೇ ಅಂಗಳದಲ್ಲಿ.

ಕನ್ನಡನಾಡಿಗೂ ಈ ಬಗೆಯ ವಿನೋದವನಗಳು ಬಂದಿವೆ. 2005ರಲ್ಲಿ ಬಿಡದಿಯ ಬಳಿ ಪ್ರಾರಂಭವಾದ ವಂಡರ್‌ಲಾ ಅವುಗಳಲ್ಲಿ ಪ್ರಸಿದ್ಧವಾದದ್ದು. ಇಂತಹ ತಾಣಗಳಲ್ಲಿ ಬೇಲಿ ಉಂಟು, ಕಾವಲು ಉಂಟು, ಎತ್ತರದ ಯಂತ್ರ ಏರುವ ಮುನ್ನ ಮಗುವಿನ ಎತ್ತರವನ್ನು ಅಳೆಯುವ ಕೋಲೂ ಉಂಟು. ಆದರೆ ಬೇಲಿಯೇ ಇಲ್ಲದ ವಿಶಾಲ ವಿನೋದವನವೊಂದು ತುಂಗಭದ್ರೆಯ ದಡದಲ್ಲಿ ತಾನಾಗಿಯೇ ರೂಪುಗೊಳ್ಳುತ್ತಿರುವುದನ್ನು ಗಮನಿಸಿದವರು ಕಡಮೆ.

ಬೇಲಿಯಿಲ್ಲದ ವಿನೋದವನ

2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗುಳ್ಳ ವಿಜಯನಗರ ಜಿಲ್ಲೆ ಉದಯಿಸಿತು. ಹಂಪಿ ಈ ಹೊಸ ಜಿಲ್ಲೆಗೆ ಸೇರಿತು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹೊಳೆಯಾಚೆಯ ಆನೆಗೊಂದಿ, ಸಾಣಾಪುರಗಳು ಕೊಪ್ಪಳ ಜಿಲ್ಲೆಯವು. ಆಡಳಿತಕ್ಕೆ ಮೂರು ಜಿಲ್ಲೆಗಳಾದರೂ ಪ್ರವಾಸಿಯ ಪಾಲಿಗೆ ಇದೆಲ್ಲವೂ ಒಂದೇ ಸೀಮೆ. ಹೊಸಪೇಟೆಯಲ್ಲಿ ಇಳಿದುಕೊಂಡವರಿಗೆ ಎಲ್ಲವೂ ಒಂದೊಂದು ಗಂಟೆಯ ದಾರಿ.

ಇಲ್ಲಿ ಏನುಂಟು, ಏನಿಲ್ಲ! 1953ರಲ್ಲಿ ನೀರು ತುಂಬಿಕೊಂಡ ತುಂಗಭದ್ರಾ ಜಲಾಶಯ. ಅದರ ಬುಡದಲ್ಲಿ ಉದ್ಯಾನ, ಸಂಜೆ ಹಾಡಿಗೆ ಕುಣಿಯುವ ಕಾರಂಜಿ. ಕಮಲಾಪುರದ ಸಮೀಪದಲ್ಲಿ 2017ರಲ್ಲಿ ತೆರೆದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯ. ಅಲ್ಲಿ ಭದ್ರವಾದ ವಾಹನದಲ್ಲಿ ಕುಳಿತು ಹುಲಿ ಸಿಂಹಗಳನ್ನು ನೋಡಬಹುದು. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮ. ಮಳೆಗಾಲದಲ್ಲಿ ಹಸಿರು ಹೊದ್ದು ನಿಲ್ಲುವ ಸಂಡೂರಿನ ಬೆಟ್ಟಗಳು. ಇವು ಮನೆಮಂದಿಯ ನೋಟಗಳು.

ಮತ್ತೊಂದು ಕಡೆಗೆ ಸಾಹಸದ ನೆಲೆಗಳು. ಬೆಳಗಿನ ಜಾವ ಹತ್ತುವ ಮಾತಂಗ ಪರ್ವತ. 575 ಮೆಟ್ಟಿಲುಗಳ ಅಂಜನಾದ್ರಿ. ಹಗ್ಗದ ಹಂಗಿಲ್ಲದೆ ಬೆರಳು ಕಾಲ್ಬೆರಳುಗಳ ಬಲದಿಂದಲೇ ದುಂಡುಬಂಡೆಗಳನ್ನೇರುವ ಆಟ. ಅಮೆರಿಕದ ಪ್ರಸಿದ್ಧ ಆರೋಹಿ ಕ್ರಿಸ್ ಶರ್ಮಾ ಇಲ್ಲಿ ಹತ್ತಿದುದನ್ನು 2003ರ ಚಲನಚಿತ್ರವೊಂದು ಜಗತ್ತಿಗೆ ತೋರಿಸಿದ ಮೇಲೆ ದೇಶದೇಶಗಳ ತರುಣರು ಬೆನ್ನ ಮೇಲೆ ದಪ್ಪ ಹಾಸಿಗೆ ಹೊತ್ತು ಈ ಬಂಡೆಗಳನ್ನು ಹುಡುಕಿಕೊಂಡು ಬರಲಾರಂಭಿಸಿದರು. ಹಂಪಿ ಉತ್ಸವದ ಕಾಲದಲ್ಲಿ ಆಕಾಶದಿಂದ ಹಂಪಿಯನ್ನು ನೋಡಲು ಹೆಲಿಕಾಪ್ಟರ್ ಕೂಡ ಹಾರುವುದುಂಟು.

ಹೀಗೆ ಆಟಗಳೆಲ್ಲ ಒಂದೊಂದಾಗಿ ಬಂದು ಸೇರಿವೆ. ಆದರೆ ಯಾವುದನ್ನು ಯಾರಿಗೆ, ಎಲ್ಲಿ, ಎಷ್ಟು ಎಂದು ಒಟ್ಟಾಗಿ ಕುಳಿತು ಯೋಚಿಸಿದಂತೆ ಕಾಣದು. ಇಂತಹ ಯೋಚನೆ ಈ ನೆಲಕ್ಕೆ ಹೊಸದೇ? ಖಂಡಿತವಾಗಿ ಅಲ್ಲ.

ಅರಸರ ಕಾಲದ ಏತ

1443ರಲ್ಲಿ ಪರ್ಷಿಯದ ಷಾ ರುಖ್ ದೊರೆಯ ರಾಯಭಾರಿಯಾಗಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದನು. ಆಗ ಆಳುತ್ತಿದ್ದವನು ಇಮ್ಮಡಿ ದೇವರಾಯ. ಮಹಾನವಮಿಯ ವೈಭವವನ್ನು ಕಣ್ಣಾರೆ ಕಂಡು ಆತ ಬರೆದಿಟ್ಟ ವಿವರಗಳಲ್ಲಿ ವಿನೋದವನದ ಸಕಲ ಸಾಮಗ್ರಿಯೂ ಇದೆ. ವಿಶಾಲವಾದ ಬಯಲಿನಲ್ಲಿ ಹಲವು ಅಂತಸ್ತಿನ ಚಿತ್ರಮಂಟಪಗಳು. ಅವುಗಳಲ್ಲಿ ಕೆಲವು ತಾವೇ ತಿರುಗುತ್ತ ನೋಡುವವರಿಗೆ ಹೊಸ ಹೊಸ ಮುಖ ತೋರುವಂತೆ ರಚಿತವಾಗಿದ್ದವು. ಹಾಡು, ಕುಣಿತ, ಗಾರುಡಿ ವಿದ್ಯೆ ಎಲ್ಲವೂ ಇದ್ದವು.

ಅವನನ್ನು ಬೆರಗುಗೊಳಿಸಿದ ಆಟವೊಂದು ಉಂಟು. ಕಂಬದ ಮೇಲೆ ನಮ್ಮ ಏತದಂತೆ ಅಡ್ಡವಾಗಿಟ್ಟ ಉದ್ದನೆಯ ತೊಲೆ. ಅದರ ಒಂದು ತುದಿಗೆ ಆನೆಯ ತೂಕದ ಕಲ್ಲು, ಇನ್ನೊಂದು ತುದಿಗೆ ಹಲಗೆ. ಪಳಗಿದ ಆನೆ ಆ ಹಲಗೆಯ ಮೇಲೆ ನಿಂತು, ವಾದ್ಯದ ಲಯಕ್ಕೆ ತಕ್ಕಂತೆ, ತೊಲೆಯೊಡನೆ ಮೇಲಕ್ಕೂ ಕೆಳಕ್ಕೂ ತೂಗುತ್ತಿತ್ತು. ಮಾವುತನ ಎದೆಗಾರಿಕೆ, ಆನೆಯ ಪಳಗುವಿಕೆ, ತೂಕದ ಲೆಕ್ಕಾಚಾರ, ಮೂರೂ ಕೂಡಿದ ಆ ಆಟವನ್ನು ನೋಡಲು ಸಾಹಸಿಯೇ ಆಗಬೇಕಾಗಿರಲಿಲ್ಲ. ತಂದೆಯ ಹೆಗಲೇರಿದ ಕೂಸೂ ನೋಡಬಹುದಾಗಿತ್ತು. ಇದಾಗಿ ಮುಕ್ಕಾಲು ಶತಮಾನದ ಮೇಲೆ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಅದೇ ಹಬ್ಬದ ಕುಸ್ತಿಯನ್ನೂ ಬಾಣಬಿರುಸುಗಳನ್ನೂ ವರ್ಣಿಸಿದ್ದಾನೆ. ಅಖಾಡಕ್ಕೆ ಇಳಿದವರು ಜಟ್ಟಿಗಳು. ಸುತ್ತ ಕುಳಿತು ನೋಡಿದವರು ಊರಿಗೆ ಊರು.

ನಮ್ಮ ಜಾತ್ರೆಗಳು ಉಳಿಸಿಕೊಂಡು ಬಂದದ್ದೂ ಇದೇ ಕ್ರಮವನ್ನು. ಒಂದು ಮೂಲೆಯಲ್ಲಿ ಆಕಾಶಕ್ಕೇರುವ ತೊಟ್ಟಿಲು, ಹಲಗೆಗೋಡೆಯ ಬಾವಿಯೊಳಗೆ ಮೋಟಾರು ಸೈಕಲ್ ಸುತ್ತಿಸುವ ಧೀರ. ಪಕ್ಕದಲ್ಲೇ ಬೆಂಡು ಬತ್ತಾಸಿನ ಅಂಗಡಿ, ಬಳೆಯ ಮಲಾರ, ಮರದಡಿಯ ಬುತ್ತಿಯೂಟ. ಅಂಜುವವರಿಗೂ ಅಂಜದವರಿಗೂ ನಡುವೆ ಗೋಡೆಯಿಲ್ಲ.

ಹರಿಗೋಲಿನ ಪಾಠ

ಈ ಸೀಮೆಯ ಆಟಗಳಲ್ಲೆಲ್ಲ ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವುದು ಹರಿಗೋಲಿನಲ್ಲಿ. ಹೆಣೆದ ಬಿದಿರಿನ ಬುಟ್ಟಿಯ ಹೊರಮೈಗೆ ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ಕಿನ ಹಾಳೆ, ಡಾಂಬರು ಆ ಸ್ಥಾನಕ್ಕೆ ಬಂದಿವೆ. ಆನೆಗೊಂದಿಗೆ ದಾಟುವ ಈ ದುಂಡು ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರೆಂದೂ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತಿದ್ದರೆಂದೂ ಪೇಸ್ ಬರೆದಿದ್ದಾನೆ.

ಹರಿಗೋಲಿಗೆ ಮೂತಿಯೂ ಇಲ್ಲ, ಬೆನ್ನೂ ಇಲ್ಲ. ಅಂಬಿಗನು ಹುಟ್ಟನ್ನು ಒಂದೇ ಬದಿಗೆ ಹಾಕಿ ಎಳೆದರೆ ಬುಗುರಿಯಂತೆ ಗಿರ್ರನೆ ಸುತ್ತುತ್ತದೆ. ಬಂಡೆಗಳೂ ಮಂಟಪಗಳೂ ಆಕಾಶವೂ ಕಲಸಿಹೋಗುತ್ತವೆ. ತರುಣರು ಕೇಕೆ ಹಾಕುತ್ತಾರೆ. ಅದೇ ಹರಿಗೋಲಿನಲ್ಲಿ ಹಿರಿಯರು ಕುಳಿತು “ಬ್ಯಾಡಪ್ಪಾ, ಸಾವಕಾಶ ಹೋಗು” ಎಂದರೆ ತೊಟ್ಟಿಲು ತೂಗಿದಂತೆ ಸಾಗುತ್ತದೆ. ಒಂದೇ ದೋಣಿ, ಒಂದೇ ಹೊಳೆ, ಒಬ್ಬನೇ ಅಂಬಿಗ. ರೋಮಾಂಚನದ ಪ್ರಮಾಣ ಮಾತ್ರ ಕುಳಿತವರ ಇಷ್ಟದಂತೆ. ಡಿಸ್ನಿಯ ಚಹದ ಬಟ್ಟಲು ಯಂತ್ರದಿಂದ ಸಾಧಿಸಿದುದನ್ನು ನಮ್ಮ ಅಂಬಿಗರು ಬಿದಿರಿನಿಂದ ಸಾಧಿಸಿದ್ದಾರೆ.

ಹರಿಗೋಲು ಕಲಿಸುವ ಪಾಠ ಇನ್ನೊಂದಿದೆ. ಅದರಲ್ಲಿ ಎಲ್ಲರೂ ಒಂದೇ ಬದಿಗೆ ಸರಿದು ಕುಳಿತರೆ ಅಪಾಯ. ಭಾರ ಸುತ್ತಲೂ ಸಮನಾಗಿ ಹಂಚಿರಬೇಕು. ಹೊಳೆಯ ಸ್ವಭಾವವನ್ನು ಬಲ್ಲ ಕೈಯೊಂದು ಹುಟ್ಟು ಹಿಡಿದಿರಬೇಕು. ಇವೆರಡೂ ಇಲ್ಲದ ಆಟ ಆಟವಲ್ಲ, ಜೂಜು.

ಜೂಜಾದ ಆಟ

ಜೂಜಿನ ಬೆಲೆಯನ್ನು ಈ ಸೀಮೆ ತೆತ್ತಿದೆ. 2025ರ ಫೆಬ್ರುವರಿಯಲ್ಲಿ ಸಾಣಾಪುರದ ಬಳಿ ಬಂಡೆಯ ಮೇಲಿಂದ ಹೊಳೆಗೆ ಧುಮುಕಿದ ಪ್ರವಾಸಿ ತರುಣಿಯೊಬ್ಬಳು ಸೆಳವಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಳು. ಮೇಲಿಂದ ಶಾಂತವಾಗಿ ಕಾಣುವ ತುಂಗಭದ್ರೆಯ ಒಡಲಲ್ಲಿ ಬಂಡೆಗಳ ಸಂದುಗಳಿವೆ. ಆ ಸಂದುಗಳಲ್ಲಿ ನೀರು ಎತ್ತ ಎಳೆಯುತ್ತದೆಂಬುದು ಹೊಸಬರಿಗೆ ತಿಳಿಯದು. ಮೇಲಾಗಿ ಇದು ಅಣೆಕಟ್ಟೆಯ ಕೆಳಗಿನ ಹೊಳೆ. ಜಲಾಶಯದ 33 ಬಾಗಿಲುಗಳಲ್ಲಿ ಎಷ್ಟು ತೆರೆಯುತ್ತವೆಂಬುದರ ಮೇಲೆ ಇಲ್ಲಿನ ನೀರಿನ ಮಟ್ಟ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಣಿಯೇ ಕಳಚಿ ನೀರು ಧುಮ್ಮಿಕ್ಕಿದ್ದನ್ನು ನಾಡು ಮರೆತಿಲ್ಲ. ಹೆಚ್ಚು ನೀರು ಬಿಟ್ಟಾಗ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ. ಕಂಪ್ಲಿಯ ಸೇತುವೆಯ ಮೇಲೂ ನೀರು ಹರಿದು ಗಂಗಾವತಿಯ ದಾರಿ ಕಡಿಯುತ್ತದೆ. ಅಂತಹ ದಿನಗಳಲ್ಲಿ ಹರಿಗೋಲಿಗೆ ಅಧಿಕಾರಿಗಳು ತಡೆ ಹಾಕುತ್ತಾರೆ. ತಡೆಯನ್ನು ಕಂಡು ಮುನಿಯುವ ಪ್ರವಾಸಿಗರುಂಟು. ಆದರೆ ಅಂಬಿಗನು ‘ಇವತ್ತು ಬೇಡ’ ಎಂದರೆ ಅದು ಅನುಭವದ ಮಾತೆಂದು ತಿಳಿಯಬೇಕು. ನೀರು ಇಳಿದ ದಿನಗಳಲ್ಲೂ ಲೈಫ್ ಜಾಕೆಟ್ ತೊಡದೆ ಹರಿಗೋಲು ಏರುವುದು ಶೌರ್ಯವಲ್ಲ.

ಹೊಳೆಗೆ ಬೇರೆ ಒಡೆಯರೂ ಇದ್ದಾರೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರು ಹರಿವು 2015ರಿಂದ ನೀರುನಾಯಿಗಳ ರಕ್ಷಿತ ನೆಲೆ. ಮೀನು ಹಿಡಿದು ಬಂಡೆಯ ಮೇಲೆ ಮೈ ಒಣಗಿಸಿಕೊಳ್ಳುವ ಈ ಚೂಟಿ ಪ್ರಾಣಿಗಳನ್ನು ದೂರದಿಂದ ಕಂಡ ಮಗು ಹೊಳೆಯನ್ನು ಬೇರೆ ಬಗೆಯಲ್ಲಿ ಪ್ರೀತಿಸಲು ಕಲಿಯುತ್ತದೆ. ಗದ್ದಲದ ಆಟಕ್ಕೆ ಎಡೆ ಎಲ್ಲಿ, ಮೌನಕ್ಕೆ ಎಡೆ ಎಲ್ಲಿ ಎಂದು ಹೊಳೆಯುದ್ದಕ್ಕೂ ಗುರುತು ಮಾಡುವುದು ಇದಕ್ಕಾಗಿಯೇ ಅಗತ್ಯ.

ಕಾಯುವವರಿಗೆ ಏನುಂಟು?

ತಕ್ಕಡಿಯ ಇನ್ನೊಂದು ತಟ್ಟೆಯತ್ತ ನೋಡೋಣ. ಮಗ ಅಂಜನಾದ್ರಿಯನ್ನು ಏರಿ ಇಳಿಯುವವರೆಗೆ ಕೆಳಗೆ ಕಾಯುವ ಅಜ್ಜಿಗೆ ಏನುಂಟು? ಮೇಲೇರಲು ರೋಪ್‌ವೇ ಬೇಕೆಂಬ ಮಾತು ಹಲವು ವರ್ಷಗಳಿಂದ ಕೇಳಿಬರುತ್ತಿದೆ. ಆದರೆ ಅದಕ್ಕಿಂತ ಮೊದಲು ಬೇಕಾದದ್ದು ನೆರಳು, ಕುಡಿಯುವ ನೀರು, ಶುಚಿಯಾದ ಶೌಚಾಲಯ, ಕೂರಲು ಒಂದು ಜಗಲಿ. ಬಿಸಿಲುಗಾಲದಲ್ಲಿ ಹಂಪಿಯ ಕಲ್ಲು ಕಾದ ಹೆಂಚಾಗುತ್ತದೆ. ಇಷ್ಟಿಲ್ಲದಿದ್ದರೆ ಯಾವ ನೋಟವೂ ಮನೆಮಂದಿಯ ನೋಟವಾಗಲಾರದು.

ಸಣ್ಣ ಏರ್ಪಾಡು ಎಷ್ಟು ದೊಡ್ಡ ಉಪಕಾರ ಮಾಡಬಲ್ಲದೆಂಬುದಕ್ಕೆ ವಿಜಯ ವಿಠ್ಠಲ ದೇವಾಲಯದ ದಾರಿಯೇ ಸಾಕ್ಷಿ. ಅಲ್ಲಿ ಗೆಜ್ಜಲ ಮಂಟಪದಿಂದ ಓಡುವ ವಿದ್ಯುತ್ ಬಂಡಿಗಳು ಮುದುಕರನ್ನೂ ಮಕ್ಕಳನ್ನೂ ಕಲ್ಲಿನ ರಥದ ಸನಿಹಕ್ಕೆ ಒಯ್ಯುತ್ತವೆ. ಕಮಲಾಪುರದ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಹಂಪಿಯ ಬೆಟ್ಟ, ಹೊಳೆ, ಗುಡಿಗಳನ್ನೆಲ್ಲ ಕಿರಿದಾಗಿಸಿ ನಿಲ್ಲಿಸಿದ ಮಾದರಿಯಿದೆ. ನಡೆಯಲಾರದವರು ಒಂದೇ ನೋಟಕ್ಕೆ ರಾಜಧಾನಿಯನ್ನು ಸುತ್ತಬಹುದು.

ಭಯವನ್ನೂ ನೆಮ್ಮದಿಯನ್ನೂ ಒಟ್ಟಿಗೆ ಕೊಡುವ ತಾಣ ದರೋಜಿಯದು. ಅಪರಾಹ್ನ ಅರಣ್ಯ ಇಲಾಖೆಯವರು ಬಂಡೆಗಳಿಗೆ ಸಿಹಿಯಾದ ತಿನಿಸನ್ನು ಬಳಿದು ಬರುತ್ತಾರೆ. ವೀಕ್ಷಣಾ ಗೋಪುರದಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಪೊದೆ ಅಲುಗುತ್ತದೆ, ಬೆನ್ನ ಮೇಲೆ ಮರಿಯನ್ನು ಹೊತ್ತ ತಾಯಿಕರಡಿಯೊಂದು ಕಂಡರಂತೂ ಆ ದಿನ ಸಾರ್ಥಕ. ಎದೆ ಡವಗುಟ್ಟುತ್ತದೆ, ಅಪಾಯ ಮಾತ್ರ ಇಲ್ಲ. ಐದು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜನಿಗೂ ಒಂದೇ ಕ್ಷಣದಲ್ಲಿ ಒಂದೇ ರೋಮಾಂಚನ.

ಸಂಡೂರಿನ ಸೊಗಸು ಇದಕ್ಕಿಂತಲೂ ಸೌಮ್ಯ. ಗಾಂಧೀಜಿ ಮೆಚ್ಚಿದರೆಂದು ಊರವರು ಹೆಮ್ಮೆಯಿಂದ ನೆನೆಯುವ ಈ ಕಣಿವೆಯಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯನ್ನು ನೋಡುತ್ತ ಅರ್ಧ ದಿನ ಕಳೆಯಬಹುದು. ಅದಿರಿನ ಲಾರಿಗಳ ಧೂಳಿನಿಂದ ದಾರಿಯನ್ನು ಕಾಪಾಡಿದರೆ ಇಲ್ಲಿಗೆ ಯಾವ ಯಂತ್ರವೂ ಬೇಕಿಲ್ಲ.

ಅಳತೆಗೋಲು

ಇಷ್ಟು ಕೀರ್ತಿಯ ತಾಣದಲ್ಲಿ ಬಿಡದಿಯಂತೆ ಎತ್ತರದ ಯಂತ್ರಗಳನ್ನೇಕೆ ನಿಲ್ಲಿಸಬಾರದೆಂದು ಕೇಳುವವರಿದ್ದಾರೆ. ಹಂಪಿ 1986ರಿಂದ ವಿಶ್ವಪರಂಪರೆಯ ತಾಣ. ಆನೆಗೊಂದಿಯ ಬಳಿ ಸೇತುವೆ ಕಟ್ಟಲು ಹೊರಟದ್ದೇ ಮುಖ್ಯ ಕಾರಣವಾಗಿ 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು, ಹೊರಬಂದದ್ದು 2006ರಲ್ಲಿ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ತರುವಾಯ ವಿರೂಪಾಪುರ ಗಡ್ಡೆಯ ವಸತಿಗೃಹಗಳು ನೆಲಸಮವಾದವು. ಇಲ್ಲಿ ಹೊಸದನ್ನು ಕಟ್ಟುವ ಕೈಗೆ ಹಳೆಯದರ ಮೇಲೆ ಭಯಭಕ್ತಿ ಇರಲೇಬೇಕು. ಯಂತ್ರದ ಆಟಗಳು ಬೇಕಾದರೆ ಅವಕ್ಕೆ ಸ್ಮಾರಕಗಳ ಎಲ್ಲೆಯಿಂದ ದೂರದ ಜಾಗವನ್ನೇ ಹುಡುಕಬೇಕು.

ಬಂಡೆಗೆ ತಕ್ಕ ಗುರು, ಹೊಳೆಗೆ ತಕ್ಕ ಅಂಬಿಗ, ಕಾಯುವವರಿಗೆ ತಕ್ಕ ನೆರಳು, ಮೂರು ಜಿಲ್ಲೆಗಳಿಗೂ ಸಲ್ಲುವ ಒಂದೇ ಕಟ್ಟುಪಾಡು: ಈ ಸೀಮೆ ಕೇಳುವುದು ಇಷ್ಟನ್ನೇ. ಸಾಹಸವನ್ನು ನಿಷೇಧಿಸಿದರೆ ತರುಣರು ಕಾವಲಿಲ್ಲದ ಮಡುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಸಾಹಸವನ್ನೇ ಮೆರೆಸಿದರೆ ಅಜ್ಜಿ ಮುಂದಿನ ವರ್ಷ ಮನೆಯಲ್ಲೇ ಉಳಿಯುತ್ತಾಳೆ. ವಿನೋದದ ತಾಣವೊಂದು ಎಷ್ಟು ಜನರನ್ನು ಬೆಚ್ಚಿಬೀಳಿಸಿತು ಎಂಬುದರಿಂದ ಅದರ ಯೋಗ್ಯತೆಯನ್ನು ಅಳೆಯಲಾಗದು. ಬೆಳಗ್ಗೆ ಹೊರಟ ಕುಟುಂಬ ಸಂಜೆ ಕಾರಂಜಿಯ ಮುಂದೆ ಒಬ್ಬರೂ ತಪ್ಪದೆ, ಒಬ್ಬರೂ ಬೇಸರಗೊಳ್ಳದೆ ಕುಳಿತಿದ್ದರೆ ಅದೇ ಸರಿಯಾದ ಅಳತೆ.