ಬೇಟೆಯ ವ್ಯಾಖ್ಯೆಯಲ್ಲಿ ಇಲ್ಲದ ಮೊಟ್ಟೆ

ಬಸವನಗುಡಿಯ ಕಾರಂಜಿ ಆಂಜನೇಯನಿಗೆ ಆ ಹೆಸರು ಕೊಟ್ಟ ಕಾರಂಜಿ ಕೆರೆ ಈಗಿಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಗವಿಪುರದ ಕೆಂಪಾಂಬುಧಿ, ಮಲ್ಲೇಶ್ವರದ ಪಕ್ಕದ ಸ್ಯಾಂಕಿ ಕೆರೆ ಹೇಗೋ ಉಳಿದಿವೆ. ಆದರೆ ಕಪ್ಪೆಗೆ ಬೇಕಾದದ್ದು ಕೆರೆಯ ನಡುವಿನ ಆಳ ನೀರಲ್ಲ, ಅಂಚಿನ ಕೆಸರು, ಹುಲ್ಲು, ಮಳೆಗಾಲದ ಗುಂಡಿ. ವಾಕಿಂಗ್ ಪಾತ್ ಮಾಡುವಾಗ ಮೊದಲು ಹೋಗುವುದೇ ಅದು.

ಕಪ್ಪೆಗೆ ಕಾನೂನು ಇಲ್ಲವೆಂದಲ್ಲ. ಒಂದು ಕಾಲದಲ್ಲಿ ನಮ್ಮ ದೇಶದಿಂದ ಸಾವಿರಾರು ಟನ್ ಕಪ್ಪೆಕಾಲು ವಿದೇಶಿಯರ ಊಟದ ತಟ್ಟೆಗೆ ಹೋಗುತ್ತಿತ್ತು. ಗದ್ದೆಗಳಲ್ಲಿ ಗೋಂಕರು ಕಪ್ಪೆ ಕಾಣದಾದಾಗ ಸರ್ಕಾರ 1987ರಲ್ಲಿ ರಫ್ತು ನಿಷೇಧಿಸಿತು. ನಮ್ಮ ಕಾಲೇಜು ಲ್ಯಾಬ್‌ಗಳ ಮೇಣದ ಟ್ರೇಯಿಂದಲೂ ಕಪ್ಪೆ ಎದ್ದು ಹೋಯಿತು. ಛೇದನವನ್ನು ಹಂತಹಂತವಾಗಿ ಕೈಬಿಡಲು ಯುಜಿಸಿ 2011ರಲ್ಲಿ ಮಾರ್ಗಸೂಚಿ ಹೊರಡಿಸಿತು.

ಇವೆರಡೂ ಕಪ್ಪೆಯನ್ನು ಹಿಡಿಯುವವರ ಕೈ ಕಟ್ಟಿದವು. ಕಪ್ಪೆಯ ಮನೆ ಕೆಡವುವವರ ಕೈಯನ್ನಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಎಲ್ಲರೂ ಓದಿರುತ್ತೇವೆ. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳು ಆರರಿಂದ ನಾಲ್ಕಕ್ಕೆ ಇಳಿದವು ಎಂಬುದೂ ಬಾಯಿಪಾಠ. ಆದರೆ ಅದೇ ಕಾಯ್ದೆಯಲ್ಲಿ 'ಬೇಟೆ' ಪದದ ವ್ಯಾಖ್ಯೆಯನ್ನು ಒಮ್ಮೆ ನಿಧಾನವಾಗಿ ಓದಿ. ಹಕ್ಕಿಗಳ, ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡಿದರೂ ಅದು ಬೇಟೆಯೇ. ಉಭಯವಾಸಿಗಳ ಮೊಟ್ಟೆಯ ಮಾತೇ ಅಲ್ಲಿಲ್ಲ. ಮೊಟ್ಟೆ, ಗೊದಮೊಟ್ಟೆ ತುಂಬಿದ ಗುಂಡಿಗೆ ಒಂದು ಲೋಡ್ ಕಟ್ಟಡದ ಮಣ್ಣು ಸುರಿದವನನ್ನು ಬೇಟೆಗಾರ ಎನ್ನಲು ಈ ವ್ಯಾಖ್ಯೆ ಸಾಲದು. 2023ರ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯವಾಸಿ ಪ್ರಭೇದಗಳಲ್ಲಿ ಸುಮಾರು ಶೇ 41ರಷ್ಟು ಅಳಿವಿನ ಅಪಾಯದಲ್ಲಿವೆ. ಹಕ್ಕಿಗಳಿಗಿಂತ ಇವುಗಳ ಸ್ಥಿತಿಯೇ ಹೆಚ್ಚು ಕೆಟ್ಟದ್ದು.

ಹಾಗಾಗಿ ನಗರದ ಕಪ್ಪೆಗೆ ನಿಜವಾದ ಆಸರೆ ವನ್ಯಜೀವಿ ಕಾಯ್ದೆಗಿಂತ ಕೆರೆಯ ಕಾಯ್ದೆ. ಹಸಿರು ನ್ಯಾಯಮಂಡಳಿ 2016ರಲ್ಲಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದಿತ್ತು. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದುಮಾಡಿತು. ಹಳೆಯ 30 ಮೀಟರೇ ಉಳಿಯಿತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲದ ಮುಂದೆ ಬಂದ ತಿದ್ದುಪಡಿ ಮಸೂದೆ ಆ 30 ಮೀಟರನ್ನೂ ಕೆರೆಯ ಗಾತ್ರ ನೋಡಿ ಇಳಿಸಲು ಹೊರಟಿತು. ಚಿಕ್ಕ ಕೆರೆಗೆ ಕೆಲವೇ ಮೀಟರ್! ಚಿಕ್ಕದಕ್ಕೆ ಚಿಕ್ಕ ಅಂಚು ಸಾಕು ಎಂಬುದು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಮೀನು, ಹಾವುಗಳ ಕಾಟ ಕಡಿಮೆ ಇರುವ ಚಿಕ್ಕ ನೀರನ್ನೇ ಎಷ್ಟೋ ಕಪ್ಪೆಗಳು ಮೊಟ್ಟೆಗೆ ಹುಡುಕುತ್ತವೆ. ಅಂಚು ಹೆಚ್ಚು ಬೇಕಾದದ್ದೇ ಅಲ್ಲಿ.

2020ರಲ್ಲಿ ನಗರದ ಹೊರವಲಯದ ರಾಜಾನುಕುಂಟೆ ಬಳಿಯ ಬಿಲಗಪ್ಪೆಯೊಂದನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ಗುರುತಿಸಿ 'ಸ್ಫೇರೋಥೀಕಾ ಬೆಂಗಳೂರು' ಎಂದು ಹೆಸರಿಟ್ಟರು. ವರ್ಷದ ಬಹುಪಾಲು ಮಣ್ಣೊಳಗೆ ಅಡಗಿದ್ದು ಮಳೆಗೆ ಮೇಲೆ ಬರುವ ಜಾತಿ ಅದು. ಸರ್ಕಾರಿ ಕಡತದಲ್ಲಿ ಅಂಥ ಜಾಗಕ್ಕೆ ಬಂಜರು ಎಂದೇ ಹೆಸರು. ಲೇಔಟ್‌ನವರಿಗೆ ಅದು ಖಾಲಿ ಸೈಟು.

ಕೆರೆಯಂಚಿನ ಅಳತೆ ಕಡಿಮೆ ಮಾಡಬೇಡಿ, ಬೇಟೆಯ ವ್ಯಾಖ್ಯೆಗೆ ಉಭಯವಾಸಿಗಳ ಮೊಟ್ಟೆಯನ್ನೂ ಸೇರಿಸಿ ಎಂದು ಕೇಳಲು ನಮಗೆ ಪದವಿ ಬೇಕಿಲ್ಲ. ಮುಂದಿನ ಜೋರು ಮಳೆಯ ರಾತ್ರಿ ಹತ್ತಿರದ ಕೆರೆಯ ಬಳಿ ಕೇಳುವ ವಟವಟವನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ, ದಿನಾಂಕ, ಜಾಗ ಸಮೇತ ಐನ್ಯಾಚುರಲಿಸ್ಟ್‌ಗೆ ಹಾಕಿ. ಶಾಸಕರಿಗೆ ಬರೆಯುವ ಪತ್ರದ ಜೊತೆ ಲಗತ್ತಿಸಲು ಅಷ್ಟಾದರೂ ದಾಖಲೆ ಇರುತ್ತದೆ.