ಫಿಲ್ಲಿಂಗ್ ಬಿದ್ದಾಗ ನೋವಿಗೆ ಕಾಯಬೇಡಿ

ಊಟದ ನಡುವೆ ಗಟ್ಟಿಯಾದದ್ದೇನೋ ಹಲ್ಲಿಗೆ ಸಿಗುತ್ತದೆ. ಅನ್ನದಲ್ಲಿ ಕಲ್ಲು ಬಂತೆಂದು ಉಗಿದು ನೋಡಿದರೆ, ಅದು ಎಂದೋ ತುಂಬಿಸಿಕೊಂಡಿದ್ದ ಫಿಲ್ಲಿಂಗಿನ ಚೂರು. ನಾಲಿಗೆ ಹಾಯಿಸಿದರೆ ದವಡೆ ಹಲ್ಲಿನಲ್ಲಿ ಒಂದು ಗುಂಡಿ, ಅದಕ್ಕೊಂದು ಚೂಪಾದ ಅಂಚು. ನೋವಿದ್ದವರು ಅಂದೇ ವೈದ್ಯರನ್ನು ಹುಡುಕುತ್ತಾರೆ. ನೋವಿಲ್ಲದವರು ಇನ್ನೊಂದು ಬದಿಯಲ್ಲಿ ಅಗಿಯುತ್ತಾ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಆದರೆ ಹಲ್ಲನ್ನು ಸುಲಭವಾಗಿ, ಕಡಿಮೆ ಖರ್ಚಿನಲ್ಲಿ ಉಳಿಸಿಕೊಳ್ಳಲು ಆಗುವುದು ನೋವಿಲ್ಲದ ಈ ದಿನಗಳಲ್ಲೇ. ಆದ್ದರಿಂದ ವೈದ್ಯರ ಬಳಿ ಹೋಗುವುದು ಯಾವಾಗ ಎಂಬುದನ್ನು ನೋವು ತೀರ್ಮಾನಿಸಬಾರದು.

ಇದಕ್ಕೆ ಕಾರಣ ಹಲ್ಲಿನ ರಚನೆಯಲ್ಲೇ ಇದೆ. ಹಲ್ಲಿನ ಹೊರಕವಚವಾದ ಎನಾಮೆಲ್‌ನ ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತುವಿಲ್ಲ. ಅದರ ಕೆಳಗಿನ ಡೆಂಟಿನ್ ಮೆದು. ಅದರಲ್ಲಿ ಪ್ರತಿ ಚದರ ಮಿಲಿಮೀಟರಿಗೆ ಹತ್ತಾರು ಸಾವಿರ ಸೂಕ್ಷ್ಮ ನಾಳಗಳಿದ್ದು, ಅವು ನರ ಮತ್ತು ರಕ್ತನಾಳಗಳಿರುವ ತಿರುಳಿನ ಕಡೆಗೆ ಸಾಗುತ್ತವೆ. ಫಿಲ್ಲಿಂಗ್ ಬಿದ್ದಾಗ ಬಯಲಾಗುವುದು ಈ ಡೆಂಟಿನ್. ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುವುದು ಆ ನಾಳಗಳೊಳಗಿನ ದ್ರವ ಅಲುಗುವುದರಿಂದ. ಸಿಹಿ ತಿಂದಾಗ ಬ್ಯಾಕ್ಟೀರಿಯಾಗಳು ಆಮ್ಲ ಹುಟ್ಟಿಸುತ್ತವೆ. ಎನಾಮೆಲ್ ಕರಗತೊಡಗುವುದು ಪಿಎಚ್ ಮಟ್ಟ ಸುಮಾರು 5.5ಕ್ಕೆ ಇಳಿದಾಗ, ಡೆಂಟಿನ್ ಕರಗಲು ಅಷ್ಟು ಆಮ್ಲವೂ ಬೇಡ, ಪಿಎಚ್ 6ರ ಮೇಲಿದ್ದಾಗಲೇ ಅದು ಖನಿಜ ಕಳೆದುಕೊಳ್ಳುತ್ತದೆ. ಬ್ರಷ್ ಸರಿಯಾಗಿ ತಲುಪದ ಆ ಗುಂಡಿಯಲ್ಲಿ ಅನ್ನದಗುಳು ಕೂತರೆ, ಹುಳುಕು ಸದ್ದಿಲ್ಲದೆ ಒಳಕ್ಕಿಳಿಯುತ್ತದೆ.

“ನೋವೇ ಇಲ್ಲವಲ್ಲ, ಹುಳುಕು ಇದ್ದಿದ್ದರೆ ಗೊತ್ತಾಗುತ್ತಿರಲಿಲ್ಲವೇ?” ಎಂದು ಕೇಳಬಹುದು. ಗೊತ್ತಾಗಲೇಬೇಕೆಂದಿಲ್ಲ. ಫಿಲ್ಲಿಂಗ್ ಸುಮ್ಮನೆ ಬೀಳುವುದು ಅಪರೂಪ. ಅದರ ಅಂಚಿನಲ್ಲಿ ಮತ್ತೆ ಹುಳುಕು ಹಿಡಿದಿರುವುದು, ಇಲ್ಲವೇ ಫಿಲ್ಲಿಂಗೋ ಹಲ್ಲೋ ಬಿರುಕು ಬಿಟ್ಟಿರುವುದು ಸಾಮಾನ್ಯ ಕಾರಣ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವೂ ಇದಕ್ಕೆ ಸೇರಿಕೊಳ್ಳಬಹುದು. ಇನ್ನು, ಒಳಗಿನ ತಿರುಳು ಸತ್ತುಹೋಗಿದ್ದರೂ ನೋವು ನಿಲ್ಲುತ್ತದೆ. ವಾರಗಟ್ಟಲೆ ಕಾಡಿದ ನೋವು ತಾನಾಗಿ ಮಾಯವಾದರೆ ಅದನ್ನು ಗುಣವೆಂದು ನಂಬುವಂತಿಲ್ಲ. ಆಧಾರ ಕಳೆದುಕೊಂಡ ಹಲ್ಲಿನ ಗೋಡೆಯೂ ದುರ್ಬಲವಾಗಿರುತ್ತದೆ. ಒಂದು ಚಕ್ಕುಲಿ ಕಡಿದಾಗ ಅದು ಒಸಡಿನ ಕೆಳಗಿನವರೆಗೆ ಸೀಳಿದರೆ, ಹಲ್ಲನ್ನು ಕೀಳದೆ ಬೇರೆ ದಾರಿ ಇರದಿರಬಹುದು.

ಹಾಗಾದರೆ ಮಾಡಬೇಕಾದದ್ದೇನು? ಬಾಯಲ್ಲಿರುವ ಚೂರುಗಳನ್ನು ತೆಗೆದು, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ಅಂದೇ ದಂತವೈದ್ಯರಿಗೆ ಫೋನ್ ಮಾಡಿ, ಕೆಲವೇ ದಿನಗಳೊಳಗಿನ ಸಮಯ ಕೇಳಿ. ಅಲ್ಲಿಯವರೆಗೆ ಆ ಬದಿಯಲ್ಲಿ ಅಗಿಯಬೇಡಿ, ಸಿಹಿ ಕಡಿಮೆ ಮಾಡಿ, ಆ ಹಲ್ಲನ್ನು ಮೆದು ಬ್ರಷ್‌ನಿಂದ ತಿಕ್ಕುತ್ತಿರಿ. ಬಿದ್ದ ಫಿಲ್ಲಿಂಗನ್ನು ಮತ್ತೆ ಅಂಟಿಸಲು ಬಾರದು; ಆದರೆ ಬಿದ್ದದ್ದು ಹಲ್ಲಿನ ಕ್ಯಾಪ್ ಆಗಿದ್ದರೆ ಜೋಪಾನವಾಗಿ ತೆಗೆದುಕೊಂಡು ಹೋಗಿ, ಅದನ್ನು ಕೆಲವೊಮ್ಮೆ ಮರಳಿ ಕೂರಿಸಬಹುದು. ಮನೆಯಲ್ಲಿರುವ ಗಮ್ ಹಾಕಿ ಅಂಟಿಸುವ ಸಾಹಸ ಮಾತ್ರ ಬೇಡ.

ಲವಂಗದ ಎಣ್ಣೆ ಇರುವಾಗ ವೈದ್ಯರೇಕೆ ಎನ್ನುವವರಿದ್ದಾರೆ. ಆ ಎಣ್ಣೆಯ ಗುಣವನ್ನು ಅಲ್ಲಗಳೆಯುವಂತಿಲ್ಲ. ಅದರಲ್ಲಿರುವ ಯೂಜಿನಾಲ್ ನೋವನ್ನು ಮಂದಗೊಳಿಸುತ್ತದೆ. ಸತುವಿನ ಆಕ್ಸೈಡಿನೊಂದಿಗೆ ಅದನ್ನು ಕಲಸಿ ತಾತ್ಕಾಲಿಕ ಫಿಲ್ಲಿಂಗ್ ಮಾಡುವುದು ದಂತವೈದ್ಯರಲ್ಲೂ ಹಳೆಯ ರೂಢಿ. ಆದರೆ ಅದು ಹುಳುಕನ್ನು ತೆಗೆಯಲಾರದು, ಗುಂಡಿಯನ್ನು ಮುಚ್ಚಲಾರದು. ಹತ್ತಿಗೆ ಒಂದು ಹನಿ ಸಾಕು. ಹೆಚ್ಚಾದರೆ ಒಸಡು ಸುಡುತ್ತದೆ. ನೋವಿನ ಮಾತ್ರೆಯನ್ನು ಹಲ್ಲಿನ ಮೇಲಿಟ್ಟುಕೊಳ್ಳುವುದೂ ತಪ್ಪು. ಆಸ್ಪಿರಿನ್ ಹಾಗೆ ಇಟ್ಟಲ್ಲಿ ಒಸಡಿನ ಚರ್ಮ ಬೆಂದು ಬೆಳ್ಳಗಾಗುತ್ತದೆ.

ಖರ್ಚಿನ ಚಿಂತೆ ಇದಕ್ಕಿಂತ ಗಂಭೀರವಾದ ಆಕ್ಷೇಪ. ಆದರೆ ಲೆಕ್ಕ ಹಾಕಿದರೆ ಅದೂ ಬೇಗ ಹೋಗಬೇಕೆಂದೇ ಹೇಳುತ್ತದೆ. ಹುಳುಕು ತಿರುಳು ಮುಟ್ಟದಿದ್ದರೆ ಸಾಮಾನ್ಯವಾಗಿ ಒಂದೇ ಭೇಟಿಯಲ್ಲಿ ಹೊಸ ಫಿಲ್ಲಿಂಗ್ ಆಗುತ್ತದೆ. ಮುಟ್ಟಿದರೆ ರೂಟ್ ಕೆನಾಲ್, ಅದರ ಮೇಲೆ ಕ್ಯಾಪ್. ಖರ್ಚು ಹಲವು ಪಟ್ಟು, ಓಡಾಟವೂ ಹೆಚ್ಚು. ಖಾಸಗಿ ಕ್ಲಿನಿಕ್ ಕೈಗೆಟುಕದವರಿಗೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, ರಾಜ್ಯದ ಹಲವೆಡೆ ಇರುವ ಇತರ ದಂತ ಕಾಲೇಜುಗಳಿವೆ. ಅಲ್ಲಿ ಶುಲ್ಕ ಸಾಮಾನ್ಯವಾಗಿ ಕಡಿಮೆ. ಡ್ರಿಲ್ಲಿನ ಭಯವಿದ್ದರೆ ಮೊದಲೇ ಹೇಳಿ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ರೂಪುಗೊಂಡ ಒಂದು ವಿಧಾನದಲ್ಲಿ ಕೈ ಉಪಕರಣದಿಂದಲೇ ಹುಳುಕು ಕೆರೆದು, ಗ್ಲಾಸ್ ಅಯಾನೊಮರ್ ಸಿಮೆಂಟ್ ತುಂಬುತ್ತಾರೆ. ಅಂಥ ಸರಳ ಚಿಕಿತ್ಸೆ ಸಾಧ್ಯವಾಗುವುದೂ ಹುಳುಕು ಇನ್ನೂ ತಿರುಳನ್ನು ಮುಟ್ಟದಿರುವಾಗ.

ಕೆಲವು ಲಕ್ಷಣಗಳು ಕಂಡರೆ ಒಂದು ದಿನವನ್ನೂ ಕಳೆಯಬಾರದು: ಮುಖ ಅಥವಾ ಗದ್ದದ ಕೆಳಗೆ ಬಾವು, ಜ್ವರ, ಬಾಯಿ ತೆರೆಯಲು ಕಷ್ಟ. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನಾಲಿಗೆಯ ಕೆಳಗೆ ಹರಡಿ ಉಸಿರುಗಟ್ಟಿಸುವ ಸೋಂಕನ್ನು ಜರ್ಮನ್ ವೈದ್ಯ ಲುಡ್ವಿಗ್ 1836ರಲ್ಲೇ ವಿವರಿಸಿದ್ದರು. ಅದು ಬಹುಪಾಲು ಶುರುವಾಗುವುದು ಕೆಳದವಡೆಯ ಹುಳುಕು ಹಲ್ಲಿನಿಂದ. ಬಿದ್ದ ಪ್ರತಿ ಫಿಲ್ಲಿಂಗ್ ಅಲ್ಲಿಗೆ ಮುಟ್ಟುವುದಿಲ್ಲ, ಹಾಗೆಂದು ಹೆದರಬೇಕಿಲ್ಲ. ಆದರೆ ಅಲ್ಲಿಗೆ ಮುಟ್ಟುವ ದಾರಿಯನ್ನು ಮೊದಲ ವಾರದಲ್ಲೇ ಮುಚ್ಚುವುದು ನಮ್ಮ ಕೈಯಲ್ಲಿದೆ. ಫಿಲ್ಲಿಂಗ್ ಬಿದ್ದ ದಿನವೇ ಫೋನ್ ಮಾಡಿ, ಆ ವಾರದೊಳಗೆ ಹಲ್ಲು ತೋರಿಸಿ.